ಮಲೆನಾಡಿನ ಮನೆಯ ಮರಗೆಲಸ

ಮನೆಯ ಮರಗೆಲಸವು ವಾಸದ ಮನೆಗೆ ಬೇಕಾದ ಬಾಗಿಲು, ಕಿಟಕಿ, ಅಟ್ಟ, ಮುಚ್ಚಿಗೆ ಹಾಗೂ ಹೆಂಚಿನ ಮಾಡಿನ ಚೌಕಟ್ಟನ್ನು ಮರದಿಂದ ನಿರ್ಮಿಸುವ ಕಸುಬು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಸ್ಥಳೀಯ ಬಡಗಿಗಳು ನಿರ್ವಹಿಸುತ್ತಾರೆ. ಇವರನ್ನು ಆಚಾರಿ ಎಂದೂ ಕರೆಯುವುದುಂಟು. ಮರವನ್ನು ಮನೆಯವರೇ ಒದಗಿಸಿ, ಬಡಗಿಯಿಂದ ಕೆಲಸವನ್ನು ಮಾತ್ರ ಮಾಡಿಸಿಕೊಳ್ಳುವ ಪದ್ಧತಿ ಈ ಭಾಗದಲ್ಲಿ ರೂಢಿಯಲ್ಲಿದೆ. ಆದ್ದರಿಂದ ಮರದ ಮೂಲ, ಅದರ ಒಣಗುವಿಕೆ ಮತ್ತು ಅಳತೆಯ ಕ್ರಮಗಳು ಕೆಲಸ ಆರಂಭವಾಗುವ ಮೊದಲೇ ತೀರ್ಮಾನವಾಗಬೇಕಾದ ವಿಷಯಗಳಾಗಿವೆ.

ಹಿನ್ನೆಲೆ

ವಿಶ್ವಕರ್ಮ ಪರಂಪರೆಯ ಐದು ಕಸುಬುಗಳಲ್ಲಿ ಮರಗೆಲಸವೂ ಒಂದು. ಕಮ್ಮಾರಿಕೆ, ಕಂಚುಗಾರಿಕೆ, ಶಿಲ್ಪ ಮತ್ತು ಅಕ್ಕಸಾಲಿಕೆ ಉಳಿದ ನಾಲ್ಕು. ಇಂದು ಇತರ ಸಮುದಾಯದವರೂ ಈ ವೃತ್ತಿಯಲ್ಲಿದ್ದಾರೆ. ಕಂಬ, ಬೋದಿಗೆ, ಮುಚ್ಚಿಗೆಗಳಿಂದ ಕೂಡಿದ ಹಳೆಯ ತೊಟ್ಟಿ ಮನೆಗಳು ಮಲೆನಾಡಿನ ಬಡಗಿಗಳ ಕೌಶಲಕ್ಕೆ ಸಾಕ್ಷಿಯಾಗಿವೆ. ನೆರೆಯ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿರುವ ಕುವೆಂಪು ಅವರ ಕವಿಮನೆ ಇಂತಹ ಮನೆಗೆ ಪ್ರಸಿದ್ಧ ಉದಾಹರಣೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ನಂತರದ ದಶಕಗಳಲ್ಲಿ ಮಂಗಳೂರು ಹೆಂಚು ಮಲೆನಾಡಿಗೂ ಹರಡಿತು.

ಕೆಲಸದ ವಿಧಗಳು

ಮಾಡಿನ ಕೆಲಸದಲ್ಲಿ ತೊಲೆಗಳ ಮೇಲೆ ಇಳಿಜಾರಾಗಿ ಪಕಾಸುಗಳನ್ನೂ, ಅವುಗಳ ಮೇಲೆ ಅಡ್ಡಲಾಗಿ ರೀಪುಗಳನ್ನೂ ಹೊಡೆಯಲಾಗುತ್ತದೆ. ರೀಪುಗಳ ನಡುವಿನ ಅಂತರವನ್ನು ಬಳಸಲಿರುವ ಹೆಂಚನ್ನೇ ಇಟ್ಟು ಗುರುತಿಸುವುದು ವಾಡಿಕೆ. ಅಂತರ ಹೆಚ್ಚಾದರೆ ಹೆಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಮಾಡು ಸೋರುತ್ತದೆ. ಇಳಿಜಾರು ಕಡಿಮೆಯಾದರೂ ಗಾಳಿಮಳೆಗೆ ನೀರು ಹೆಂಚಿನ ಸಂದಿಯಿಂದ ಒಳಬರುತ್ತದೆ.

ಬಾಗಿಲು, ಕಿಟಕಿಗಳ ಚೌಕಟ್ಟಿನಲ್ಲಿ ಒಂದು ತುಂಡಿಗೆ ತೂತು ಕೊರೆದು, ಮತ್ತೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂರಿಸಲಾಗುತ್ತದೆ. ಮುಂಬಾಗಿಲಿನ ಚೌಕಟ್ಟನ್ನು ಶುಭ ಮುಹೂರ್ತದಲ್ಲಿ ಪೂಜೆ ಮಾಡಿ ನಿಲ್ಲಿಸುವ ಮತ್ತು ಬಡಗಿಗೆ ತಾಂಬೂಲ, ದಕ್ಷಿಣೆ ಕೊಡುವ ಸಂಪ್ರದಾಯವಿದೆ.

ಮರದ ಆಯ್ಕೆ ಮತ್ತು ಕಾನೂನು

ತೇಗ, ಹೊನ್ನೆ, ಮತ್ತಿ, ನಂದಿ, ಹಲಸು ಮತ್ತು ಹೆಬ್ಬಲಸು ಮನೆ ಕಟ್ಟಲು ಬಳಕೆಯಲ್ಲಿರುವ ಮರಗಳು. ಮರದ ಒಳಭಾಗದ ಕೆಚ್ಚು ಬಾಳಿಕೆ ಬರುತ್ತದೆ; ಹೊರಗಿನ ಬಿಳಿಭಾಗಕ್ಕೆ ಕೊರಕ ಹುಳು ಮತ್ತು ಗೆದ್ದಲು ಬೇಗನೆ ತಗಲುತ್ತವೆ.

ಸ್ವಂತ ತೋಟದ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸಾಮಾನ್ಯವಾಗಿ ಅನುಮತಿ ಬೇಕು. ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಈ ಮೂರು ತಾಲೂಕುಗಳು ಕೊಪ್ಪ ಅರಣ್ಯ ವಿಭಾಗದ ವ್ಯಾಪ್ತಿಗೆ ಸೇರುತ್ತವೆ. ದಾಖಲೆಯಿಲ್ಲದ ನಾಟಾ ಸಿಕ್ಕಿಬಿದ್ದರೆ ಅದು ಜಪ್ತಿಯಾಗಬಹುದು. ಅಂತಹ ಮರವನ್ನು ಇಟ್ಟುಕೊಂಡವರ ಮತ್ತು ಸಾಗಿಸಿದವರ ಮೇಲೆ ಮೊಕದ್ದಮೆಯೂ ದಾಖಲಾಗಬಹುದು. ಆದ್ದರಿಂದ ಕಡಿತದ ಅನುಮತಿ, ಸಾಗಣೆ ಪರವಾನಗಿ ಮತ್ತು ಖರೀದಿಯ ರಸೀದಿಗಳನ್ನು ಮನೆಯವರು ಕಾದಿಡುವುದು ಅಗತ್ಯ.

ಕಾಲ ಮತ್ತು ಒಣಗಿಸುವಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರದೇಶದಲ್ಲಿ ಮುಂಗಾರು ಜೋರಾಗಿರುವುದರಿಂದ ಮಾಡು ಬಿಚ್ಚಿ ಕಟ್ಟುವ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಬೇಕಾಗುತ್ತದೆ. ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಒಟ್ಟಿಗೆ ಬಡಗಿಗಳು ಬೇಕಾಗುವ ಕಾರಣ ಅವರನ್ನು ತಿಂಗಳುಗಳ ಮೊದಲೇ ಗೊತ್ತುಮಾಡುವುದು ಅನುಕೂಲ. ಹಸಿ ಮರದಿಂದ ಮಾಡಿದ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಒಣಗಿದ ಮರವೂ ಮಳೆಗಾಲದ ತೇವಕ್ಕೆ ತುಸು ಉಬ್ಬುವುದರಿಂದ ಬಾಗಿಲಿನ ಕದಕ್ಕೂ ಚೌಕಟ್ಟಿಗೂ ನಡುವೆ ಸಣ್ಣ ಸಂದು ಬಿಡಲಾಗುತ್ತದೆ. ಕೊಯ್ದ ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ತಿಂಗಳುಗಟ್ಟಲೆ ಪೇರಿಸಿಡುವುದು ಒಣಗಿಸುವ ಸರಳ ವಿಧಾನ.

ಅಳತೆ ಮತ್ತು ಕೂಲಿ

ಕೂಲಿಯನ್ನು ದಿನದ ಲೆಕ್ಕದಲ್ಲಿ, ಒಂದೊಂದು ಬಾಗಿಲು-ಕಿಟಕಿಯ ಲೆಕ್ಕದಲ್ಲಿ ಅಥವಾ ಘನ ಅಡಿಯ ಲೆಕ್ಕದಲ್ಲಿ ಗುತ್ತಿಗೆಯಾಗಿ ನಿಗದಿಪಡಿಸಲಾಗುತ್ತದೆ. ಅಂಗುಲಗಳಲ್ಲಿರುವ ಅಗಲ ಮತ್ತು ದಪ್ಪವನ್ನು ಅಡಿಗಳಲ್ಲಿರುವ ಉದ್ದದಿಂದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ದೊರೆಯುತ್ತದೆ. ಉದಾಹರಣೆಗೆ, 7 ಅಡಿ ಎತ್ತರ ಮತ್ತು 3.5 ಅಡಿ ಅಗಲದ, ಹೊಸ್ತಿಲೂ ಸೇರಿದ ಬಾಗಿಲ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದದ ಮರ ಬೇಕು. ಅದರ ಅಗಲ 5 ಅಂಗುಲ, ದಪ್ಪ 3 ಅಂಗುಲವಾದರೆ ಮರದ ಪ್ರಮಾಣ ಸುಮಾರು 2.2 ಘನ ಅಡಿ.

ದುಂಡು ದಿಮ್ಮಿಗೆ ಲೆಕ್ಕ ಬೇರೆ. ಸುತ್ತಳತೆಯ ನಾಲ್ಕನೇ ಒಂದು ಭಾಗದ ವರ್ಗವನ್ನು ಉದ್ದದಿಂದ ಗುಣಿಸಲಾಗುತ್ತದೆ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಈ ಕ್ರಮದಲ್ಲಿ 10 ಘನ ಅಡಿಯಾಗುತ್ತದೆ. ಕೊಯ್ದು, ಹತ್ತರಿ ಹೊಡೆದ ಮೇಲೆ ಮರದ ಅಳತೆ ಮತ್ತಷ್ಟು ಇಳಿಯುತ್ತದೆ. ಕೂಲಿ ಯಾವ ಅಳತೆಯ ಮೇಲೆ ಎಂಬುದನ್ನು ಮೊದಲೇ ಹೇಳಿಕೊಳ್ಳದಿದ್ದರೆ ಕೊನೆಯಲ್ಲಿ ತಕರಾರು ಬರುತ್ತದೆ. ಮೊಳೆ, ತಿರುಪು, ಚಿಲಕ, ಪಾಲಿಶ್‌ಗಳ ಖರ್ಚು ಯಾರದು, ಮುಂಗಡವೆಷ್ಟು, ಊಟ-ಕಾಫಿ ಯಾರ ಕಡೆಯದು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ಕಾರ್ಮಿಕರ ಭದ್ರತೆ

ಮಾಡಿನ ಮೇಲಿಂದ ಬೀಳುವುದು ಈ ವೃತ್ತಿಯ ದೊಡ್ಡ ಅಪಾಯ. ಪಾಚಿಗಟ್ಟಿದ ಹೆಂಚು ಮತ್ತು ಲಡ್ಡಾದ ಹಳೆಯ ಪಕಾಸುಗಳು ಅದನ್ನು ಹೆಚ್ಚಿಸುತ್ತವೆ. ಕಟ್ಟಡ ಕೆಲಸದ ಬಡಗಿಗಳು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 18ರಿಂದ 60 ವರ್ಷದೊಳಗಿನವರಾಗಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ಹಲವು ಮನೆಗಳಲ್ಲಿ ಬಿಡಿಬಿಡಿಯಾಗಿ ದುಡಿಯುವ ಬಡಗಿಗೆ ಈ ದಿನಗಳನ್ನು ತೋರಿಸುವುದು ಸುಲಭವಲ್ಲ. ಮಾಡಿಸಿದ ಕೆಲಸದ ದಿನಗಳನ್ನು ಮನೆಯವರು ಬರೆದು ಕೊಟ್ಟರೆ ಅವನಿಗೆ ನೆರವಾಗುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮರಗೆಲಸವೂ ಸೇರಿದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು ಮತ್ತು ರಿಯಾಯಿತಿ ಬಡ್ಡಿಯ ಸಾಲ ಈ ಯೋಜನೆಯ ಮುಖ್ಯ ಸೌಲಭ್ಯಗಳು.