ಭೂಮಾಹಿತಿ ವಿಜ್ಞಾನದ ವ್ಯಾಸಂಗವೂ ಹಿಡುವಳಿದಾರರ ಕರ್ತವ್ಯವೂ

ಭೂಗೋಳವೆಂದರೆ ನದಿ, ಪರ್ವತ, ರಾಜಧಾನಿಗಳ ಹೆಸರುಗಳನ್ನು ಬಾಯಿಪಾಠ ಮಾಡುವ ವಿದ್ಯೆಯೆಂದು ನಮ್ಮ ಗ್ರಾಮಗಳಲ್ಲಿ ಅನೇಕರು ಭಾವಿಸಿರುವರು. ಆದುದರಿಂದಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ಶಾಸ್ತ್ರವನ್ನು ವ್ಯಾಸಂಗಮಾಡುವ ವಿದ್ಯಾರ್ಥಿಗಳು ಹೊಲಕ್ಕೆ ಬಂದು ಬೆಳೆಯ ವಿಷಯವನ್ನು ವಿಚಾರಿಸಿದರೆ, ಇವರಿಗೆ ಇಲ್ಲೇನು ಕೆಲಸವೆಂಬ ಸಂಶಯವುಂಟಾಗುತ್ತದೆ. ಆ ಸಂಶಯವನ್ನು ಪರಿಹರಿಸುವುದೇ ಈ ಲೇಖನದ ಉದ್ದೇಶ.

ಭೂಮಿಯನ್ನು ಅಳೆಯುವ ಕಾರ್ಯವು ಮೈಸೂರು ಸೀಮೆಗೆ ಹೊಸದಲ್ಲ. 1799ರ ಅನಂತರ ಕಾಲಿನ್ ಮೆಕೆಂಜಿಯವರು ಈ ಸೀಮೆಯ ಮೋಜಣಿಯನ್ನು ನಡೆಸಿದರು. ಆಮೇಲೆ ಬಂದ ಕಂದಾಯದ ಮೋಜಣಿಯಲ್ಲಿ 33 ಅಡಿಯ ಸರಪಳಿಯು ಬಳಕೆಗೆ ಬಂದಿತು. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇದನ್ನು ಯಜಮಾನರೆಲ್ಲರೂ ಬಲ್ಲರು.

ಈಗ ಆಕಾಶದಿಂದಲೂ ನೆಲವನ್ನು ನೋಡಿ ಅಳೆಯಲಾಗುತ್ತಿದೆ. ಉಪಗ್ರಹದ ಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಕೂಡಿರುವುದು. ಒಂದು ಚೌಕಕ್ಕೆ ಒಂದೇ ಬಣ್ಣ. 1988ರ ಮಾರ್ಚಿಯಲ್ಲಿ ಹಾರಿಸಲ್ಪಟ್ಟ ಭಾರತದ ಐ.ಆರ್.ಎಸ್. 1ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಚೌಕದ ಪಕ್ಕವು 72.5 ಮೀಟರು, ಎಂದರೆ ಸುಮಾರು 1 ಎಕರೆ 12 ಗುಂಟೆ. ಸಣ್ಣ ಹಿಡುವಳಿಯು ಅದರಲ್ಲಿ ಮುಳುಗಿಹೋಗುತ್ತಿತ್ತು. 2015ರಿಂದ ಹಾರಿಸಲ್ಪಟ್ಟ ಯೂರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರದಲ್ಲಿ ಪಕ್ಕವು 10 ಮೀಟರು. ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ.

ಬೆಳೆಯ ಸ್ಥಿತಿಯು ಚಿತ್ರದಿಂದ ಹೇಗೆ ತಿಳಿಯುತ್ತದೆ? ಆರೋಗ್ಯವಾದ ಎಲೆಯು ಸೂರ್ಯನ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುವಾಗಿ ಹಿಂದಿರುಗಿಸುತ್ತದೆ. ನೀರಿಲ್ಲದೆ ಬಾಡಿದಾಗ ಈ ವ್ಯತ್ಯಾಸವು ಕುಗ್ಗುತ್ತದೆ. ನಿಂತ ನೀರು ಅವಕೆಂಪು ಕಿರಣವನ್ನು ಹೀರುವುದರಿಂದ ಹೊಸದಾಗಿ ನಾಟಿಯಾದ ಭತ್ತದ ಗದ್ದೆಯು ಕಪ್ಪಾಗಿ ಕಾಣುತ್ತದೆ. ವಿದ್ಯಾರ್ಥಿಯು ಮೊದಲು ನಕ್ಷೆಯ ರಚನೆಯನ್ನೂ ಗಣಿತವನ್ನೂ ಕಲಿತು, ಅನಂತರ ಈ ಚಿತ್ರಗಳನ್ನು ಓದಲು ಕಲಿಯುವನು. ಆ ಮೇಲೆ ಮಣ್ಣು, ಇಳಿಜಾರು, ಕೆರೆ, ಬೆಳೆ ಇವುಗಳ ನಕ್ಷೆಗಳನ್ನು ಗಾಜಿನ ಹಲಗೆಗಳಂತೆ ಒಂದರ ಮೇಲೊಂದಿಟ್ಟು, ಕೃಷಿಹೊಂಡಕ್ಕೆ ತಕ್ಕ ಸ್ಥಳವಾವುದು, ಮಣ್ಣು ಕೊಚ್ಚಿಹೋಗುವ ಜಾಗವಾವುದು ಎಂದು ನಿರ್ಣಯಿಸುವನು. ಇದೇ ಭೂಮಾಹಿತಿ ವಿಜ್ಞಾನ. ಇಂಗ್ಲಿಷಿನಲ್ಲಿ ಜಿಯೋಇನ್‌ಫರ್ಮ್ಯಾಟಿಕ್ಸ್ ಎನ್ನುವರು.

ಆದರೆ ಚಿತ್ರವೊಂದೇ ಸಾಲದು. ಮಳೆಗಾಲದಲ್ಲಿ ಮೋಡವು ಮರೆಮಾಡುತ್ತದೆ; ರಾಗಿಯೂ ಕಳೆಯೂ ಒಂದೇ ಹಸಿರಾಗಿ ತೋರಬಹುದು. ಆದುದರಿಂದ ವಿದ್ಯಾರ್ಥಿಯು ಕೆಲವು ಹೊಲಗಳಿಗೆ ತಾನೇ ಹೋಗಿ, ಅಲ್ಲಿರುವ ಬೆಳೆಯನ್ನು ಬರೆದುಕೊಂಡು, ಅದನ್ನೇ ಮಾದರಿಯಾಗಿಟ್ಟು ಗಣಕಯಂತ್ರಕ್ಕೆ ಉಳಿದ ಹೊಲಗಳನ್ನು ಗುರುತಿಸಲು ಕಲಿಸುವನು.

ಕೆಲವು ವರ್ಷಗಳ ಕೆಳಗೆ ನನ್ನ ಸರ್ಕೀಟಿನ ಗ್ರಾಮವೊಂದರಲ್ಲಿ, ಹಿಡುವಳಿದಾರರೊಬ್ಬರು ಕಳೆ ತುಂಬಿ ಪಾಳುಬಿದ್ದ ದೂರದ ಹೊಲವನ್ನು ರಾಗಿಯ ಹೊಲವೆಂದು ವಿದ್ಯಾರ್ಥಿಗಳಿಗೆ ಬರೆಸಿದರು. ಕಂದಾಯದವರು ಕೇಳಿಸುತ್ತಿರುವರೆಂಬ ಭಯವೇ ಕಾರಣ. ಇದರ ಫಲವನ್ನು ಯೋಚಿಸಿರಿ. ಇಂತಹ ಮಾದರಿಗಳು ಹೆಚ್ಚಿದರೆ ಯಂತ್ರವು ಕಳೆಯನ್ನೇ ರಾಗಿಯೆಂದು ಕಲಿಯುವುದು. ಮುಂದೊಂದು ವರ್ಷ ರಾಗಿಯು ಕೆಟ್ಟು ಹೊಲವು ಕಳೆಯಿಂದ ತುಂಬಿದಾಗ, ನಕ್ಷೆಯು “ಬೆಳೆ ಚೆನ್ನಾಗಿದೆ” ಎನ್ನುವುದು. ನಷ್ಟವು ನಿಜವಾಗಿದ್ದರೂ ನಕ್ಷೆಯಲ್ಲಿ ಕಾಣದು. ಒಬ್ಬರ ಸುಳ್ಳಿಗೆ ಹೋಬಳಿಯೇ ದಂಡ ತೆರಬೇಕಾದೀತು.

ಇನ್ನೊಂದು ಎಚ್ಚರಿಕೆ. ರಾಜ್ಯದ ದೂರಸಂವೇದಿ ಕೇಂದ್ರದ “ದಿಶಾಂಕ್” ಎಂಬ ಆ್ಯಪ್‌ನಿಂದ, ನಿಂತ ಸ್ಥಳದ ಸರ್ವೆ ನಂಬರು ಮೊಬೈಲಿನಲ್ಲಿ ತಿಳಿಯುವುದು. ಇದು ಬಹಳ ಉಪಯುಕ್ತ. ಆದರೆ ಮೊಬೈಲು ತೋರಿಸುವ ಸ್ಥಳವು ಕೆಲವು ಮೀಟರು ತಪ್ಪಬಹುದು. ಐದು ಮೀಟರು ತಪ್ಪಿದರೆ ಅರ್ಧ ಸರಪಳಿ ತಪ್ಪಿದಂತೆ. ಅದನ್ನು ನಂಬಿ ನೆರೆಯವರೊಡನೆ ಬದುವಿನ ಜಗಳಕ್ಕೆ ಇಳಿಯಬಾರದು. ಎಲ್ಲೆಯ ನಿರ್ಣಯಕ್ಕೆ ಹದ್ದುಬಸ್ತಿಗೆ ಅರ್ಜಿ ಕೊಡುವುದೇ ಸರಿಯಾದ ಮಾರ್ಗ.

ಆದಕಾರಣ ಯಜಮಾನರು ಈ ಮೂರನ್ನು ಗಮನಿಸತಕ್ಕದ್ದು:

1. ವಿದ್ಯಾರ್ಥಿಗಳು ಬಂದಾಗ ಗುರುತಿನ ಚೀಟಿಯನ್ನು ನೋಡಿ, ಬೆಳೆ, ಬಿತ್ತನೆಯ ಕಾಲ, ನೀರಿನ ಆಧಾರ ಇವುಗಳನ್ನು ಇದ್ದದ್ದು ಇದ್ದಹಾಗೆ ಹೇಳುವುದು. ಪಾಳು ಬಿದ್ದಿದ್ದರೆ ಪಾಳೆಂದೇ ಹೇಳುವುದು.

2. ಎಲ್ಲೆಕಲ್ಲುಗಳನ್ನು ಕೀಳದೆ, ಮುಚ್ಚದೆ ಕಾಪಾಡುವುದು.

3. ಪದವಿ ಮುಗಿಸಿದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಈ ವ್ಯಾಸಂಗವನ್ನೂ ತಿಳಿಸುವುದು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ಅಧ್ಯಯನಕ್ಕೆ ಅವಕಾಶವಿದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

ರಾಗಿಯ ಪೈರನ್ನೂ ಹುಲ್ಲನ್ನೂ ಬಾಲ್ಯದಿಂದ ನೋಡಿ ಬೆಳೆದ ಒಕ್ಕಲಮಗನಿಗೆ ಪಟ್ಟಣದ ಹುಡುಗನಿಗಿಲ್ಲದ ಒಂದು ಬಂಡವಾಳವು ಕೈಯಲ್ಲಿಯೇ ಇದೆ. ಆಕಾಶದಿಂದ ತೆಗೆದ ಚಿತ್ರವು ಸರಿಯೋ ತಪ್ಪೋ ಎಂದು ಹೇಳಬಲ್ಲವನು ಕೊನೆಗೆ ಹೊಲದ ಬದುವಿನ ಮೇಲೆ ನಿಂತವನೇ.