ದೇವದೂತರ ಮಕ್ಕಳು ಕತ್ತಿ ಹಿಡಿದ ಕಥೆ

ನ್ಯೂಯಾರ್ಕಿನ ಪ್ಯಾಂಡಮೋನಿಯಂ ಕ್ಲಬ್ಬಿನಲ್ಲಿ ಹದಿನೈದರ ಹುಡುಗಿ ಕ್ಲೇರಿ ಫ್ರೇ ಒಂದು ಕೊಲೆ ನೋಡುತ್ತಾಳೆ. ಮೈಮೇಲೆ ಕಪ್ಪು ಗುರುತುಗಳನ್ನು ಬರೆದುಕೊಂಡ, ಹೆಚ್ಚುಕಡಿಮೆ ಅವಳದೇ ವಯಸ್ಸಿನ ಮೂವರು ಸೇರಿ ನೀಲಿ ಕೂದಲಿನ ಹುಡುಗನೊಬ್ಬನನ್ನು ಮುಗಿಸುತ್ತಾರೆ. ಸತ್ತವನ ದೇಹ ತನ್ನೊಳಗೇ ಮುದುಡುತ್ತ ಮುದುಡುತ್ತ ಇಲ್ಲವಾಗಿಬಿಡುತ್ತದೆ. ಅವನು ಹುಡುಗನ ವೇಷದಲ್ಲಿದ್ದ ದೆವ್ವ. ಕೊಂದವರೂ ಪೂರ್ತಿ ಮನುಷ್ಯರಲ್ಲ, ಅವರ ಮೈಯಲ್ಲಿ ದೇವದೂತನ ರಕ್ತದ ಅಂಶವಿದೆ. ಗೆಳೆಯ ಸೈಮನ್ ಓಡಿಬಂದು ನೋಡಿದರೆ ಅವನ ಕಣ್ಣಿಗೆ ಅಲ್ಲಿ ಯಾರೂ ಇಲ್ಲ. ಕ್ಲೇರಿಗೆ ಮಾತ್ರ ಕಾಣಿಸುತ್ತದೆ, ಯಾಕೆಂದರೆ ಅವಳೂ ಆ ಕುಲದವಳೇ.

2007ರಲ್ಲಿ ಬಂದ ಕ್ಯಾಸಂಡ್ರಾ ಕ್ಲೇರ್ ಅವರ ‘ಸಿಟಿ ಆಫ್ ಬೋನ್ಸ್’ ಕಾದಂಬರಿ ಶುರುವಾಗುವುದು ಹೀಗೆ. ಕ್ಲೇರ್ ತಮ್ಮ ಯೋಧರನ್ನು ನೆಫಿಲೀಮರು ಎಂದು ಕರೆದರು. ಆ ಹೆಸರಿಗೆ ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸಿದೆ, ಆ ಕಾಲದ ಬಹುಪಾಲು ಅದು ಜನರನ್ನು ನಡುಗಿಸಿದ ಹೆಸರು. ಹಳೆಯ ಕಥೆಯಲ್ಲಿ ನೆಫಿಲೀಮರು ದೆವ್ವಗಳನ್ನು ಕೊಲ್ಲುವುದಿಲ್ಲ. ದೆವ್ವಗಳು ಹುಟ್ಟಿದ್ದೇ ಅವರಿಂದ. ಶಾಪವಾಗಿದ್ದ ಮಕ್ಕಳು ಕಾವಲುಗಾರರಾದದ್ದು ಹೇಗೆ ಎಂಬುದನ್ನು ಹಿಂಬಾಲಿಸಿದರೆ ಈ ಕಾದಂಬರಿಗಳನ್ನು ಓದುವ ಕಣ್ಣೇ ಬದಲಾಗುತ್ತದೆ.

ಬೈಬಲ್ಲಿನ ಆದಿಕಾಂಡದ 6ನೇ ಅಧ್ಯಾಯದಲ್ಲಿ ಅವರಿಗೆ ಸಿಕ್ಕಿರುವುದು ಮೊದಲ ನಾಲ್ಕು ವಚನ, ಅಷ್ಟೇ. ದೇವರ ಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವಿಗೆ ಸೋತು ಅವರನ್ನು ಕೂಡಿದರು, ಮಕ್ಕಳಾದರು, ಆ ಕಾಲದಲ್ಲಿ ನೆಫಿಲೀಮರು ಭೂಮಿಯ ಮೇಲಿದ್ದರು. ಮುಂದಿನ ವಚನದಿಂದ ನೋಹನ ಜಲಪ್ರಳಯದ ಸಿದ್ಧತೆ. ಬಿಟ್ಟ ಜಾಗವನ್ನೆಲ್ಲ ತುಂಬಿದ್ದು ಬೈಬಲ್ಲಿನ ಹಿರಿಯ ಹನೋಕನ ಹೆಸರಿನಲ್ಲಿರುವ ಗ್ರಂಥ. ಅದರ ಹಳೆಯ ಭಾಗಗಳು ಕ್ರಿಸ್ತಪೂರ್ವ 3ನೇ ಶತಮಾನದಷ್ಟು ಹಿಂದಿನವು.

ಆ ಗ್ರಂಥದಲ್ಲಿ ಇನ್ನೂರು ದೂತರು ಹೆರ್ಮೋನ್ ಬೆಟ್ಟದ ನೆತ್ತಿಗೆ ಇಳಿಯುತ್ತಾರೆ. ಅವರ ಮುಂದಾಳು ಸೆಮ್ಯಾಜಾನಿಗೆ ಒಂದು ಅಳುಕು: ಕೊನೆಗೆ ನೀವೆಲ್ಲ ಹಿಂದೆ ಸರಿದು, ಪಾಪದ ಹೊರೆ ನನ್ನೊಬ್ಬನ ತಲೆಗೇ ಬಂದರೆ? ಅದಕ್ಕೇ ಎಲ್ಲರೂ ಸೇರಿ ಆಣೆ ಮಾಡುತ್ತಾರೆ. ತಪ್ಪೆಂದು ಗೊತ್ತಿದ್ದೂ ಮಾಡಲು ಹೊರಟವರ ಈ ಭಯ ಎಷ್ಟು ಮನುಷ್ಯಸಹಜ! ಅಜಾಜೇಲ್ ಎಂಬ ದೂತ ಗಂಡಸರಿಗೆ ಕತ್ತಿ, ಗುರಾಣಿ, ಎದೆಕವಚ ಮಾಡುವುದನ್ನೂ ಹೆಂಗಸರಿಗೆ ಬಳೆ, ಕಣ್ಕಪ್ಪುಗಳ ಅಲಂಕಾರವನ್ನೂ ಕಲಿಸಿಕೊಡುತ್ತಾನೆ. ಹುಟ್ಟಿದ ಮಕ್ಕಳು ದೈತ್ಯರು. ಅವರು ಜನರ ಬೆಳೆಯನ್ನೆಲ್ಲ ತಿಂದು ತೀರಿಸಿ ಕೊನೆಗೆ ಜನರನ್ನೇ ತಿನ್ನತೊಡಗುತ್ತಾರೆ. ದೇವರು ಗಬ್ರಿಯೇಲನನ್ನು ಕಳಿಸಿ ಅವರು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುವಂತೆ ಮಾಡುತ್ತಾನೆ. ಆದರೆ ದೂತರಿಂದ ಬಂದದ್ದು ಸಾಯಬೇಕಲ್ಲ! ದೈತ್ಯರ ದೇಹ ಬಿದ್ದರೂ ಒಳಗಿದ್ದ ಚೇತನ ಹೊರಟು, ನೆಲೆಯಿಲ್ಲದೆ, ಹಸಿವು ನೀಗದೆ, ಮನುಷ್ಯರನ್ನು ಕಾಡುತ್ತ ಅಲೆಯತೊಡಗಿತು. ಹನೋಕನ ಪ್ರಕಾರ ದೆವ್ವಗಳೆಂದರೆ ಇವೇ.

‘ಜ್ಯೂಬಿಲೀಸ್’ ಎಂಬ ಇನ್ನೊಂದು ಹಳೆಯ ಯಹೂದಿ ಗ್ರಂಥ ಇದಕ್ಕೊಂದು ಲೆಕ್ಕವನ್ನೂ ಕೊಡುತ್ತದೆ. ದೆವ್ವಗಳ ಕಾಟ ತಾಳದೆ ನೋಹ ದೇವರಿಗೆ ಮೊರೆಯಿಡುತ್ತಾನೆ. ಎಲ್ಲವನ್ನೂ ಕಟ್ಟಿಹಾಕಿ ಎಂದು ಅಪ್ಪಣೆಯಾಗುತ್ತದೆ. ಆಗ ದೆವ್ವಗಳ ಒಡೆಯ ಮಸ್ತೇಮಾ ಮುಂದೆ ಬಂದು ನನ್ನ ಕೆಲಸಕ್ಕೆ ಕೆಲವನ್ನಾದರೂ ಉಳಿಸು ಎಂದು ಕೇಳಿಕೊಳ್ಳುತ್ತಾನೆ. ಹತ್ತರಲ್ಲಿ ಒಂದು ಪಾಲು ಅವನಿಗೆ ಸಿಗುತ್ತದೆ. ಲೋಕದಲ್ಲಿ ಇಂದಿಗೂ ಇರುವುದು ಆ ಹತ್ತರಲ್ಲೊಂದು ಪಾಲು.

ದೇವಾಂಶದಿಂದ ಹುಟ್ಟಿದ ಮಗು ಎಂದರೆ ನಮಗೆ ಮೊದಲು ನೆನಪಾಗುವವರು ಕರ್ಣ, ಭೀಮ, ಅರ್ಜುನ. ಕರ್ಣನ ಹುಟ್ಟಿನಲ್ಲಿ ಗುಟ್ಟಿದೆ, ನೋವಿದೆ; ಆದರೆ ಸೂರ್ಯನ ಮಗನೆಂಬುದು ಅವನ ಹಿರಿಮೆ. ಹನೋಕನ ಲೋಕದಲ್ಲಿ ಆ ಬೆರಕೆಯೇ ಅಪರಾಧ. ಅಲ್ಲಿ ಮಗು ಏನು ಮಾಡಿತು ಎಂದು ಯಾರೂ ಕೇಳುವುದಿಲ್ಲ, ಅದು ಹುಟ್ಟಿದ್ದೇ ಸಾಕು.

ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಹನೋಕನ ಮಾತನ್ನು ಉಲ್ಲೇಖಿಸುವಷ್ಟು ಆ ಗ್ರಂಥಕ್ಕೆ ಒಮ್ಮೆ ಮಾನವಿತ್ತು. ಆದರೆ ಸಂತ ಆಗಸ್ಟೀನ್ 5ನೇ ಶತಮಾನದಲ್ಲಿ ಬೇರೆ ಅರ್ಥ ಹೇಳಿದರು: ಆದಿಕಾಂಡದ ದೇವಪುತ್ರರು ದೂತರಲ್ಲ, ಆದಾಮನ ಮಗ ಸೇತನ ವಂಶದವರು. ಪಶ್ಚಿಮದ ಚರ್ಚು ಈ ಅರ್ಥವನ್ನೇ ಹಿಡಿದು ನಡೆಯಿತು, ಹನೋಕನ ಗ್ರಂಥ ಯುರೋಪಿನಿಂದ ಮರೆಯಾಯಿತು. ಅದು ಇಡಿಯಾಗಿ ಉಳಿದದ್ದು ಇಥಿಯೋಪಿಯಾದಲ್ಲಿ, ಗೀಝ್ ಭಾಷೆಯಲ್ಲಿ. ಅಲ್ಲಿನ ಆರ್ಥಡಾಕ್ಸ್ ಚರ್ಚಿಗೆ ಅದು ಇಂದಿಗೂ ಧರ್ಮಗ್ರಂಥವೇ. ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್ 1773ರಲ್ಲಿ ಮೂರು ಹಸ್ತಪ್ರತಿಗಳನ್ನು ಯುರೋಪಿಗೆ ತಂದ. 1821ರಲ್ಲಿ ರಿಚರ್ಡ್ ಲಾರೆನ್ಸ್ ಮಾಡಿದ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದೇ ಹೊತ್ತಿಗೆ ಬೈರನ್ ಮತ್ತು ಥಾಮಸ್ ಮೂರ್ ಇಬ್ಬರೂ ಹೆಣ್ಣಿಗೆ ಒಲಿದ ದೂತರನ್ನು ಕಾವ್ಯದ ನಾಯಕರನ್ನಾಗಿ ಮಾಡಿದರು. ಅಪ್ಪಂದಿರಿಗೆ ಸಹಾನುಭೂತಿ ಸಿಕ್ಕಿತು. ಮಕ್ಕಳು ಇನ್ನೂ ಕಾಯಬೇಕಿತ್ತು.

ಮಕ್ಕಳ ಕಡೆಯಿಂದ ಹೇಳಿದ ಕಥೆ ಒಂದಿತ್ತು. ಅದು ನೆಲದೊಳಗೆ ಚೂರುಚೂರಾಗಿ ಬಿದ್ದಿತ್ತು. ಮೃತ ಸಮುದ್ರದ ದಡದ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಅರಮೇಯಿಕ್ ತುಣುಕುಗಳಲ್ಲಿ ‘ದೈತ್ಯರ ಗ್ರಂಥ’ವೂ ಇದೆಯೆಂದು ವಿದ್ವಾಂಸ ಮಿಲಿಕ್ ಗುರುತಿಸಿದರು. ಇದೇ ಕಥೆಯನ್ನು ಪ್ರವಾದಿ ಮಾನಿಯ ಧರ್ಮದವರು ಮಧ್ಯ ಏಷ್ಯಾದವರೆಗೂ ಒಯ್ದಿದ್ದರು. ಅಲ್ಲಿನ ತುಣುಕುಗಳನ್ನು ವಿದ್ವಾಂಸ ಹೆನ್ನಿಂಗ್ 1943ರಲ್ಲಿ ಪ್ರಕಟಿಸಿದ್ದರು. ಈ ಕಥೆಯಲ್ಲಿ ಸೆಮ್ಯಾಜಾನ ಇಬ್ಬರು ಮಕ್ಕಳಿಗೆ, ಓಹ್ಯಾ ಮತ್ತು ಹಾಹ್ಯಾ ಎಂಬ ಅಣ್ಣತಮ್ಮಂದಿರಿಗೆ, ಕೆಟ್ಟ ಕನಸು ಬೀಳುತ್ತದೆ. ಒಬ್ಬನ ಕನಸಿನಲ್ಲಿ ತೋಟಗಾರರು ನೀರೆರೆದು ಬೆಳೆಸಿದ ತೋಟ ಬೆಂಕಿಗೂ ನೀರಿಗೂ ಸಿಕ್ಕಿ ನಾಶವಾಗುತ್ತದೆ. ಇನ್ನೊಬ್ಬನಿಗೆ ನ್ಯಾಯಾಸನ ಇಳಿದು ಬರುವುದು ಕಾಣುತ್ತದೆ. ಇಬ್ಬರಿಗೂ ನಿದ್ದೆಯಿಲ್ಲ. ಮಹವೈ ಎಂಬ ದೈತ್ಯ ಗಾಳಿಯಲ್ಲಿ ಹದ್ದಿನಂತೆ ಹಾರಿ ಹನೋಕನ ಬಳಿ ಕನಸಿನ ಅರ್ಥ ಕೇಳಲು ಹೋಗುತ್ತಾನೆ. ಅಪ್ಪ ಮಾಡಿದ ತಪ್ಪಿಗೆ ತಮ್ಮ ಗತಿಯೇನು ಎಂದು ರಾತ್ರಿಯೆಲ್ಲ ಎಚ್ಚರವಿರುವ ಮಕ್ಕಳು! ನನ್ನ ಮಟ್ಟಿಗೆ ಹದಿಹರೆಯದ ಅರ್ಧದೂತನ ಕಥೆ ಮೊದಲಾಗುವುದು ಈ ಹರಕು ತೊಗಲಿನ ಮೇಲೆ.

ಕಥೆಯ ಇನ್ನೊಂದು ಬೇರು ಮಧ್ಯಯುಗದ ಫ್ರಾನ್ಸಿನಲ್ಲಿದೆ. ರಾಬರ್ ದ ಬೊರೋನ್ ಹೇಳಿದ ಮಾಂತ್ರಿಕ ಮರ್ಲಿನ್‌ನ ಕಥೆಯಲ್ಲಿ ನರಕದವರು ಸಂಚು ಮಾಡಿ ಮನುಷ್ಯ ಹೆಣ್ಣಿನಲ್ಲಿ ಮಗು ಹುಟ್ಟಿಸುತ್ತಾರೆ. ತಾಯಿಯ ಸದ್ಗುಣದಿಂದ ಮಗು ಅವರ ಕೈತಪ್ಪಿ ಒಳ್ಳೆಯವರ ಕಡೆ ಸೇರುತ್ತದೆ. ಅಪ್ಪ ಯಾರಾದರೂ ಮಗ ತನ್ನ ದಾರಿ ಆರಿಸಿಕೊಳ್ಳಬಹುದು ಎಂಬ ಮಾತು ಆಗಲೇ ಬಂದಿತ್ತು.

20ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಎಲ್ಲ ಎಳೆಗಳೂ ಬೇಗ ಬೇಗ ಕೂಡಿದವು. ಮ್ಯಾಡಲೀನ್ ಲೆಂಗಲ್ 1986ರ ‘ಮೆನಿ ವಾಟರ್ಸ್’ನಲ್ಲಿ ಇಬ್ಬರು ಹುಡುಗರನ್ನು ನೋಹನ ಕಾಲಕ್ಕೆ, ನೆಫಿಲೀಮರ ನಡುವೆ ಕಳಿಸಿದರು. 1997ರಲ್ಲಿ ಶುರುವಾದ ‘ಬಫಿ’ ಟಿವಿ ಧಾರಾವಾಹಿ ಹೈಸ್ಕೂಲಿನ ಕೆಳಗೇ ನರಕದ ಬಾಯಿ ತೆರೆಯಿತು. 2003ರಲ್ಲಿ ಥಾಮಸ್ ಸ್ನೆಗೋಸ್ಕಿಯ ‘ದ ಫಾಲನ್’ ಬಂತು. ಸಾಕುಮನೆಯಲ್ಲಿ ಬೆಳೆದ ಏರನ್ ಕಾರ್ಬೆಟ್‌ಗೆ ಹದಿನೆಂಟು ತುಂಬಿದಾಗ ಎಲ್ಲ ಭಾಷೆಗಳೂ, ತನ್ನ ನಾಯಿಯ ಮಾತೂ ಅರ್ಥವಾಗತೊಡಗುತ್ತವೆ. ಅವನು ನೆಫಿಲೀಮ್, ಅವನನ್ನು ಕೊಲ್ಲಲು ಬರುವವರು ದೇವದೂತರೇ. ಅಪ್ಪ ಯಾರೆಂದು ತಿಳಿಯದ ಹುಡುಗನ ಮೇಲೆ ಬಿದ್ದ ಹೊಣೆ ಎಂಥದು ನೋಡಿ: ಬಿದ್ದ ದೂತರಿಗೆ ಕ್ಷಮೆ ಕೊಡಿಸುವುದು. ಹನೋಕನ ಗ್ರಂಥದಲ್ಲಿ ಅಪ್ಪಂದಿರ ಪಾಪ ಮಕ್ಕಳನ್ನು ಕೊಂದಿತು, ಇಲ್ಲಿ ಮಗ ಅಪ್ಪಂದಿರನ್ನು ಉಳಿಸಬೇಕು.

ಕ್ಲೇರ್ ಅವರಿಗೆ ಕಥೆ ಹೊಳೆದದ್ದು ನ್ಯೂಯಾರ್ಕಿನ ಹಚ್ಚೆ ಅಂಗಡಿಯೊಂದರಲ್ಲಿ ಎಂದು ಅವರೇ ಹೇಳಿದ್ದಾರೆ. ಅಲ್ಲಿ ಕೆಲಸ ಮಾಡಿದವರೆಲ್ಲ ಚಾವಣಿಯ ಮೇಲೆ ಕಪ್ಪು ಬಣ್ಣದಲ್ಲಿ ಹೆಜ್ಜೆಗುರುತು ಮೂಡಿಸಿದ್ದರು. ಅಡ್ಡಾದಿಡ್ಡಿ ಹರಡಿದ್ದ ಆ ಹೆಜ್ಜೆಗಳು ಅವರಿಗೆ ಯಾವುದೋ ಅಲೌಕಿಕ ಕಾಳಗದ ಗುರುತಿನಂತೆ ಕಂಡವು. ಹಚ್ಚೆ ಯೋಧರ ಮೈಮೇಲಿನ ಮಂತ್ರಾಕ್ಷರವಾಯಿತು. ಹುಟ್ಟಿನ ಕಳಂಕವನ್ನೂ ಅವರು ಜಾಣತನದಿಂದ ತೊಳೆದರು: ಇಲ್ಲಿ ದೂತ ಹೆಣ್ಣನ್ನು ಕೂಡುವುದಿಲ್ಲ, ರಜಿಯೇಲ್ ತನ್ನ ರಕ್ತವನ್ನು ಮನುಷ್ಯರಕ್ತದೊಡನೆ ಬಟ್ಟಲಲ್ಲಿ ಬೆರೆಸಿ ಕುಡಿಸುತ್ತಾನೆ. ಬೆರಕೆಯ ಅವಮಾನ ಮಾಯವಾಗಲಿಲ್ಲ, ದೆವ್ವಕ್ಕೂ ಮನುಷ್ಯರಿಗೂ ಹುಟ್ಟಿದ ಮಾಟಗಾರರ ತಲೆಗೆ ಹೋಯಿತು. ಮ್ಯಾಗ್ನಸ್ ಬೇನ್‌ನಂಥವರನ್ನು ಕೀಳಾಗಿ ಕಾಣುವ ನೆಫಿಲೀಮರ ಕುಲದ ಗರ್ವವೇ ಈ ಸರಣಿಯ ಗಟ್ಟಿ ಭಾಗ, ಕಾದಾಟಗಳಲ್ಲ.

2005ರ ‘ಟ್ವೈಲೈಟ್’ ಗೆದ್ದ ಮೇಲೆ ಪ್ರಕಾಶಕರಿಗೆ ಅಲೌಕಿಕ ಪ್ರೇಮಕಥೆಗಳೇ ಬೇಕಾದವು. 2009ರಲ್ಲಿ ‘ಹಷ್, ಹಷ್’ ಮತ್ತು (ಸ್ನೆಗೋಸ್ಕಿಯದಲ್ಲದ ಇನ್ನೊಂದು) ‘ಫಾಲನ್’ ಕಾದಂಬರಿಗಳೆರಡೂ ಬಂದವು. ಇವುಗಳಲ್ಲಿ ದೂತ ಬರಿಯ ಸುಂದರ ಪ್ರಿಯಕರ. ಹುಡುಗಿಯನ್ನು ಹೆದರಿಸುವುದನ್ನೇ ಪ್ರೀತಿಯೆಂದು ತೋರಿಸುವ ‘ಹಷ್, ಹಷ್’ ಹರೆಯದವರಿಗೆ ತಕ್ಕ ಪುಸ್ತಕವಲ್ಲ ಎಂದೇ ನನ್ನ ಅಭಿಪ್ರಾಯ.

2011ರಲ್ಲಿ ಬಂದ ಸಿಂಥಿಯಾ ಹ್ಯಾಂಡ್ ಅವರ ‘ಅನ್‌ಅರ್ತ್ಲಿ’ ಬೇರೆ ತೂಕದ್ದು. ಹದಿನಾರರ ಕ್ಲಾರಾ ಗಾರ್ಡ್ನರ್‌ಳಲ್ಲಿ ಕಾಲು ಭಾಗ ದೂತರ ರಕ್ತ. ಅವಳ ಅಮ್ಮ ಅರ್ಧದೂತೆ. ಕಾಡ್ಗಿಚ್ಚಿನ ನಡುವೆ ನಿಂತ ಹುಡುಗನೊಬ್ಬನ ದೃಶ್ಯ ಅವಳಿಗೆ ಮತ್ತೆ ಮತ್ತೆ ಕಾಣಿಸುತ್ತದೆ. ಅವನನ್ನು ಉಳಿಸುವುದೇ ಅವಳು ಹುಟ್ಟಿದ ಉದ್ದೇಶವೆಂದು ನಂಬಿ ಮನೆಯವರು ಕ್ಯಾಲಿಫೋರ್ನಿಯಾ ಬಿಟ್ಟು ವಯೋಮಿಂಗಿಗೆ ಬರುತ್ತಾರೆ. ಅಲ್ಲಿ ಅವಳ ಮನಸ್ಸು ಒಲಿಯುವುದು ಇನ್ನೊಬ್ಬನಿಗೆ. ವಿಧಿ ಹೇಳಿದ್ದನ್ನು ಮಾಡಬೇಕೋ, ಮನಸ್ಸು ಹೇಳಿದ್ದನ್ನೋ? ಅವಳಿಗೆ ಎದುರಾಗುವ ಕಪ್ಪು ರೆಕ್ಕೆಯ ದೂತ ಹತ್ತಿರ ಬಂದಾಗ ಭಯದ ಜೊತೆಗೆ ಹೊರಲಾರದ ದುಃಖವೂ ಕವಿಯುತ್ತದೆ. ಅವನ ಹೆಸರು ಸಂಜೀಜಾ, ಅಂದರೆ ಹನೋಕನ ಸೆಮ್ಯಾಜಾನೇ. ಹೆರ್ಮೋನ್ ಬೆಟ್ಟದ ಮೇಲೆ ಆಣೆ ಮಾಡಿಸಿದವನೇ ವಯೋಮಿಂಗಿಗೆ ಬಂದಿದ್ದಾನೆ. ಮಗಳ ವಯಸ್ಸಿನವಳು ಅವನೆದುರು ನಿಲ್ಲುವಾಗ ಅವಳು ಬರಿಯ ಬಿದ್ದ ದೂತನನ್ನಲ್ಲ, ತನ್ನ ಕುಲದ ಮೊದಲ ತಪ್ಪನ್ನು ಎದುರಿಸುತ್ತಿದ್ದಾಳೆ. ಈ ಬಗೆಯ ಕಥೆಗಳಲ್ಲಿ ನಾನು ಹುಡುಕುವುದು ಇದನ್ನೇ.

ಮನೆಯಲ್ಲಿ ಇಂಗ್ಲಿಷ್ ಕಾದಂಬರಿ ಓದುವ ಹರೆಯದ ಮಕ್ಕಳಿದ್ದರೆ ಮೊದಲು ‘ಅನ್‌ಅರ್ತ್ಲಿ’ ಕೊಡಿ. ಅದು ಮುಗಿದ ಮೇಲೆ ಹನೋಕನ ಗ್ರಂಥದ 6ರಿಂದ 16ನೇ ಅಧ್ಯಾಯದವರೆಗೆ ಓದಲು ಹೇಳಿ. ಆರ್.ಎಚ್. ಚಾರ್ಲ್ಸ್ ಅವರ ಹಳೆಯ ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹನ್ನೊಂದು ಪುಟ್ಟ ಅಧ್ಯಾಯಗಳು, ಒಂದೇ ಕೂತಲ್ಲಿ ಮುಗಿಯುತ್ತವೆ.