ಹಾಪ್‌ಕಾಮ್ಸ್: ಸರಿ ತೂಕದ ಅಂಗಡಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪಾರ್ಕಿನ ಮೂಲೆಗೋ ಬಸ್‌ ನಿಲ್ದಾಣದ ಪಕ್ಕಕ್ಕೋ ಒಂದು ಪುಟ್ಟ ಮಳಿಗೆ ಕಾಣುತ್ತದೆ. ಬೋರ್ಡಿನಲ್ಲಿ ಅಂದಿನ ದರ: ಹುರುಳಿಕಾಯಿ, ನವಿಲುಕೋಸು, ಸೀಮೆಬದನೆ, ಏಲಕ್ಕಿ ಬಾಳೆ. ಚೌಕಾಸಿಗೆ ಜಾಗವಿಲ್ಲ, ಜಯನಗರದ ದರವೇ ಮಲ್ಲೇಶ್ವರದಲ್ಲೂ. ನಮ್ಮಲ್ಲಿ ಬಹುಪಾಲು ಮಂದಿಗೆ ಇದು ಸರ್ಕಾರಿ ತರಕಾರಿ ಅಂಗಡಿ. ನಿಜದಲ್ಲಿ ಇದು ರೈತರು ಷೇರು ಹಾಕಿ ಕಟ್ಟಿಕೊಂಡ ಸಹಕಾರ ಸಂಘ. ಹಾಪ್‌ಕಾಮ್ಸ್‌ನ ಪೂರ್ತಿ ಹೆಸರು ತೋಟಗಾರಿಕಾ ಉತ್ಪಾದಕರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ.

ಸಂಘ ಹುಟ್ಟಿದ್ದು 1959ರಲ್ಲಿ, ದ್ರಾಕ್ಷಿಗಾಗಿ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಸುತ್ತ ಚಪ್ಪರಕ್ಕೆ ಹಬ್ಬುವ ಕಪ್ಪು ದ್ರಾಕ್ಷಿ, ಅಂದರೆ ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಸಂಘ ಹುಟ್ಟಿದ ಕಾಲದಲ್ಲಿ ಅದನ್ನು ಬೆಳೆದವರ ಪಾಡು ಬೇರೆಯೇ ಇತ್ತು. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ, ರಾಗಿಯಂತೆ ಕಣಜಕ್ಕೆ ತುಂಬಿಡಲೂ ಆಗದು. ಮಂಡಿಯವರು ಕೂಗಿದ ಬೆಲೆಗೆ ತಲೆಯಾಡಿಸಿ ಬರಬೇಕಿತ್ತು. ಆಗ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಡಾ. ಎಂ.ಎಚ್. ಮರಿಗೌಡರು ಬೆಳೆಗಾರರನ್ನು ಒಂದುಗೂಡಿಸಿದರು. ಗಿಡ ನೆಡಿಸಿದರೆ ಸಾಲದು, ಹಣ್ಣು ಮಾರುವ ದಾರಿಯನ್ನೂ ತೋರಿಸಬೇಕೆಂದು ಅವರಿಗೆ ಮನವರಿಕೆಯಾಗಿತ್ತು. ಮುಂದೆ ಎಲ್ಲ ಹಣ್ಣು, ತರಕಾರಿಗಳೂ ಸಂಘದ ವ್ಯಾಪ್ತಿಗೆ ಬಂದವು. ಮರಿಗೌಡರು ಹುಟ್ಟಿದ ಆಗಸ್ಟ್ 8 ಇಂದು ರಾಜ್ಯದಲ್ಲಿ ತೋಟಗಾರಿಕಾ ದಿನ.

ಕೆಲಸ ನಡೆಯುವ ರೀತಿ ಸರಳ. ಮಳಿಗೆಗಳು ತಮಗೆ ಬೇಕಾದ ಮಾಲಿನ ಇಂಡೆಂಟ್ ಕೊಡುತ್ತವೆ. ಸದಸ್ಯ ರೈತರು ಖರೀದಿ ಕೇಂದ್ರಕ್ಕೆ ಮಾಲು ತರುತ್ತಾರೆ. ಅಲ್ಲಿ ಗುಣಮಟ್ಟ ನೋಡಿ, ತೂಗಿ, ರಸೀದಿ ಬರೆದು ಲಾರಿಗೆ ಏರಿಸುತ್ತಾರೆ. ಮಾರುಕಟ್ಟೆಯ ಧಾರಣೆ ನೋಡಿಕೊಂಡು ಖರೀದಿ ದರವನ್ನೂ ಮಾರಾಟ ದರವನ್ನೂ ಸಂಘವೇ ಗೊತ್ತುಮಾಡುತ್ತದೆ. ನಡುವಿನ ಅಂತರದಲ್ಲಿ ಸಾಗಣೆ, ಸಂಬಳ, ಕೊಳೆತು ಹೋಗುವ ಮಾಲಿನ ನಷ್ಟ ಎಲ್ಲವೂ ನೀಗಬೇಕು.

ಹೀಗೆ ಸರಿಯಾಗಿ ತೂಗಿ ರಸೀದಿ ಕೊಡುವುದರ ಬೆಲೆ ಮಂಡಿ ಕಂಡ ರೈತನಿಗೆ ಗೊತ್ತು. ರೈತನಿಂದ ಕಮಿಷನ್ ಹಿಡಿಯುವಂತಿಲ್ಲವೆಂದು ಕಾನೂನು ಹೇಳಿದರೂ ಬಿಳಿ ಚೀಟಿಯಲ್ಲಿ, ಅಂದರೆ ಅಧಿಕೃತವಲ್ಲದ ರಸೀದಿಯಲ್ಲಿ, ಅದನ್ನು ಮುರಿದುಕೊಳ್ಳುತ್ತಾರೆ. ಮೇಲೆ ಹಮಾಲಿ, ಅದರ ಮೇಲೆ ಸೂಟು, ಅಂದರೆ ತೂಕದಲ್ಲೇ ಕೆಲವು ಕಿಲೊ ಬಿಟ್ಟು ಲೆಕ್ಕ ಹಾಕುವ ಪದ್ಧತಿ. ಅರ್ಧ ಎಕರೆಯಲ್ಲಿ ಬೀನ್ಸ್ ಬೆಳೆದವನಿಗೆ ಆ ಕೆಲವು ಕಿಲೊಗಳೇ ಲಾಭ. ಅದು ಅವನ ಕೈಯಲ್ಲೇ ಉಳಿಯುವುದನ್ನು ನಾನು ಸಂಘದ ದೊಡ್ಡ ಸಾಧನೆ ಎನ್ನುತ್ತೇನೆ.

ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಸಂಘ ಕೊಳ್ಳುವುದು ಮಳಿಗೆಗಳಲ್ಲಿ ಖರ್ಚಾಗುವಷ್ಟನ್ನು ಮಾತ್ರ. ಹತ್ತು ಕ್ರೇಟ್ ಟೊಮೆಟೊ ಕೊಯ್ದವನಿಂದ ನಾಲ್ಕೇ ಕ್ರೇಟ್ ತೆಗೆದುಕೊಂಡರೆ ಉಳಿದ ಆರು ಮತ್ತೆ ಮಂಡಿಯ ಹರಾಜಿಗೇ ಹೋಗಬೇಕು. ಫಸಲು ಉಕ್ಕುವ ಕಾಲಕ್ಕೆ ಸಂಘ ನಡೆಸುವ ದ್ರಾಕ್ಷಿ, ಕಲ್ಲಂಗಡಿ ಮೇಳಗಳಲ್ಲಿ ರಿಯಾಯಿತಿ ದರದಲ್ಲಿ ಒಂದಷ್ಟು ಮಾಲು ಕರಗುತ್ತದೆ. ವರ್ಷವಿಡೀ ರೈತನ ಕೈ ಹಿಡಿಯಬೇಕಾದದ್ದು ದಿನದ ಗಿರಾಕಿಯೇ.

ಆ ಗಿರಾಕಿ ಈಗ ಸೂಪರ್‌ಮಾರ್ಕೆಟ್ ಮತ್ತು ಮೊಬೈಲ್ ಆ್ಯಪ್‌ಗಳ ಕಡೆ ವಾಲಿದ್ದಾನೆ. ಮೆಟ್ರೊ ಕಾಮಗಾರಿಗೆ, ರಸ್ತೆ ಅಗಲೀಕರಣಕ್ಕೆ ಮಳಿಗೆಗಳು ಒಂದೊಂದಾಗಿ ಎದ್ದುಹೋದವು. ಆದರೂ 2020ರ ಲಾಕ್‌ಡೌನ್ ದಿನಗಳಲ್ಲಿ ಹಾಪ್‌ಕಾಮ್ಸ್ ವಾಹನ ಬೀದಿಗೇ ಬಂದಾಗ ಸಾಲು ನಿಂತು ಕೊಂಡವರು ನಾವೇ.

ತೆರವಾದ ಮಳಿಗೆಗೆ ಅದೇ ವಾರ್ಡಿನಲ್ಲಿ ಜಾಗ ಕೊಡುವುದು, ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನದಂತೆ ಇದಕ್ಕೂ ಒಂದು ನಿವೇಶನ ಬಿಡುವುದು ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಹೊಣೆ. ನಿಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆ ಇಡಿ. ಅಲ್ಲಿಯವರೆಗೆ ಹತ್ತಿರದಲ್ಲಿ ಮಳಿಗೆ ಇದ್ದರೆ ವಾರದ ತರಕಾರಿಯನ್ನು ಅಲ್ಲಿಂದಲೇ ತನ್ನಿ.